ದೇವಮ್ಮ ಬಂದ ರೀತಿ

ನಾನು ಜನ್ಮದಲ್ಲಿ ಅವಸರ ಮಾಡಿದವನಲ್ಲ. ಆದರೂ ಒಂದು ಕಾಲದಲ್ಲಿ ನನ್ನ ಕಾಗದಗಳೆಲ್ಲ ‘ಇನ್ ಹೇಸ್ಟ್’ ಎಂದೇ ಮುಗಿಯುತ್ತಿದ್ದವು. ಅವಸರದಲ್ಲಿ ಬರೆದಿದ್ದೇನೆ ಎಂದರ್ಥ. ಆ ಎರಡು ಪದಗಳನ್ನು ನಾನು ಕಾಫಿ ಕುಡಿದು, ನಿಬ್ಬು ಒರೆಸಿ, ಅಕ್ಷರದ ಬಾಲಗಳನ್ನು ಸುರುಳಿ ಸುತ್ತಿ, ಶಾಯಿ ಆರುವವರೆಗೆ ಊದುತ್ತ ಕೂತು ಬರೆಯುತ್ತಿದ್ದೆ. ನಮ್ಮೂರು ಶಿರಂಗಾಲದಲ್ಲಿ ಅಪ್ಪ ಅದನ್ನು ಪೋಸ್ಟ್‌ಮಾಸ್ತರರಿಂದ ಓದಿಸಿಕೊಂಡು, ಮಗನಿಗೆ ತೋಟದಲ್ಲಿ ಉಸಿರಾಡಲೂ ಪುರಸೊತ್ತಿಲ್ಲವೆಂದು ಊರಿಗೆಲ್ಲ ಹೇಳುತ್ತಿದ್ದರು.

ತೋಟವೆಂದರೆ ಪಾಲಿಬೆಟ್ಟದ ಕಡೆಯ ಒಂದು ಕಾಫಿ ಎಸ್ಟೇಟು. ಕೊಡಗು ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಬಿಳಿಯ ದೊರೆ ತೋಟ ಮಾರಿ ಹಡಗು ಹತ್ತಿದ್ದ. ಅವನು ಬಿಟ್ಟುಹೋದದ್ದು ಒಂದು ಟೊಪ್ಪಿ, ಒಂದು ನಾಯಿ, ಮತ್ತು ಇಂಗ್ಲಿಷು. ಮೂರನ್ನೂ ಹೊಸ ಮ್ಯಾನೇಜರು ವಹಿಸಿಕೊಂಡಿದ್ದರು. ನಾಯಿ ಮಾತ್ರ ಇನ್ನೂ ಒಪ್ಪಿರಲಿಲ್ಲ. ನಾನು ಅಲ್ಲಿ ರೈಟರು. ರೈಟರೆಂದ ಕೂಡಲೆ ಸಾಹಿತಿ ಎಂದುಕೊಳ್ಳಬೇಡಿ. ಹಾಜರಿ ಹಿಡಿಯುವುದು, ಪಿಕಿಂಗ್, ಅಂದರೆ ಹಣ್ಣು ಕುಯ್ಲು, ಎಷ್ಟಾಯಿತೆಂದು ಬರೆಯುವುದು, ವಾರಕ್ಕೊಮ್ಮೆ ಇಂಗ್ಲಿಷಿನಲ್ಲಿ ವರದಿ ಒಪ್ಪಿಸುವುದು, ಇಷ್ಟೇ ನನ್ನ ಸಾಹಿತ್ಯ.

ಕೆಲಸ ಆಯಿತು ಎಂದು ಬರೆದರೆ ಮ್ಯಾನೇಜರಿಗೆ ಸಾಲದು. ‘ಯಾವ ರೀತಿಯಲ್ಲಿ?’ ಎಂದು ಅಂಚಿನಲ್ಲಿ ಕೆಂಪು ಪೆನ್ಸಿಲಿನಿಂದ ಗೀಚುವರು. ನಾನು ದೊರೆಯ ಹಳೇ ಫೈಲುಗಳಿಂದ ಸರಕು ಹೆಕ್ಕಿಕೊಂಡೆ. ವಿತ್ ಗ್ರೇಟ್ ಕೇರ್. ವಿದೌಟ್ ಡಿಲೇ. ಇನ್ ಗುಡ್ ಆರ್ಡರ್. ಅಲ್ಲಿಂದಾಚೆಗೆ ಗೊಬ್ಬರ ಬಿದ್ದದ್ದು ಬಹಳ ಎಚ್ಚರಿಕೆಯೊಂದಿಗೆ, ಕಳೆ ಕಿತ್ತದ್ದು ವಿಳಂಬವಿಲ್ಲದೆ. ಒಂದು ಸಲ ಕಣದಲ್ಲಿ ಹರಡಿದ್ದ ಕಾಫಿಯೆಲ್ಲ ಮಳೆಗೆ ನೆಂದುಹೋದಾಗ, ಅದು ಒಳ್ಳೆಯ ಕ್ರಮದಲ್ಲಿ ನೆನೆಯಿತೆಂದು ಬರೆದು ಮೆಚ್ಚುಗೆ ಪಡೆದೆ.

ನಮ್ಮ ಕನ್ನಡದಲ್ಲಿ ಇದೆಲ್ಲ ಬೇರೆ ತರಹ. ನಮ್ಮವರು ಸರಸರ ನಡೆಯುತ್ತಾರೆ, ಗಬಗಬ ತಿನ್ನುತ್ತಾರೆ, ಗೊಣಗೊಣ ಗೊಣಗುತ್ತಾರೆ. ವ್ಯಾಕರಣದ ಮೇಷ್ಟ್ರು ಇವಕ್ಕೆ ಅನುಕರಣಾವ್ಯಯ ಎಂದು ಗಂಟಲು ಹಿಡಿಯುವ ಹೆಸರಿಟ್ಟಿದ್ದಾರೆ. ಆದರೆ ಆ ಸದ್ದು ಕೇಳಿದರೆ ಸಾಕು, ಮನುಷ್ಯ ಕಣ್ಣಿಗೆ ಕಾಣುತ್ತಾನೆ. ಇಂಗ್ಲಿಷಿನವನು ಹಾಗಲ್ಲ. ಕೆಲಸವನ್ನು ಒಂದು ಕಡೆ ಇಟ್ಟು, ಅದರ ಭಾವವನ್ನು ಕೊಡೆಯ ಹಾಗೆ ಬೇರೆಯಾಗಿ ಕೈಯಲ್ಲಿ ಹಿಡಿದು ಬರುತ್ತಾನೆ. ವಿಷಾದದೊಂದಿಗೆ, ಸಂತೋಷದೊಂದಿಗೆ, ಗೌರವದೊಂದಿಗೆ. ಕೊಡೆಯಾದ್ದರಿಂದ ಒಳಗೆ ಬರುವಾಗ ಅದನ್ನು ಜಗಲಿಯಲ್ಲೇ ಒರಗಿಸಿ ಬಂದರೂ ನಡೆಯುತ್ತದೆ. ಅವನನ್ನು ಬೈದು ಪ್ರಯೋಜನವಿಲ್ಲ ಬಿಡಿ. ಅವನ ಮನೆಯಲ್ಲಿ ಆ ಮಾತುಗಳು ಬಿಸಿಯಾಗಿದ್ದಿರಬಹುದು. ನಮ್ಮ ಆಫೀಸಿಗೆ ಬರುವಷ್ಟರಲ್ಲಿ ಆರಿಹೋಗಿದ್ದವು.

ಇದನ್ನು ನನಗೆ ಅರ್ಥ ಮಾಡಿಸಿದವಳು ದೇವಮ್ಮ. ಪಿರಿಯಾಪಟ್ಟಣದ ಕಡೆಯಿಂದ ಕೂಲಿಗೆ ಬಂದ ಹೆಂಗಸು. ಕೂಲಿಯವರ ಸಾಲುಮನೆಗೆ ನಾವು ಲೈನ್ ಎನ್ನುತ್ತೇವೆ. ಅದರ ಕೊನೆಯ ಕೋಣೆಯಲ್ಲಿ ಮಗಳ ಜೊತೆ ಇದ್ದಳು. ಆ ಕೋಣೆಯ ಗೋಡೆ ಬಿರುಕು ಬಿಟ್ಟು ಒಳಕ್ಕೆ ವಾಲಿತ್ತು. ಆಗ ಮೇ ತಿಂಗಳು.

“ರೈಟ್ರೇ, ಗ್ವಾಡೆ ಬಾಯಿ ಬಿಟ್ಕಂಡದೆ. ಮಳೆ ಹಿಡೀತು ಅಂದ್ರೆ ನಾವಿಬ್ರೂ ಅದರಡೀಗೇಯ,” ಎಂದಳು.

ನಾನು ವಿತ್ ಡ್ಯೂ ರೆಸ್ಪೆಕ್ಟ್, ತಕ್ಕ ಗೌರವದೊಂದಿಗೆ, ಬರೆದೆ. ‘ಇನ್ ಡ್ಯೂ ಕೋರ್ಸ್’ ಎಂದು ಉತ್ತರ ಬಂತು. ಸಮಯ ಬಂದಾಗ ನೋಡೋಣ ಅಂತ. ಮುಂದಿನ ವಾರ ಸಕಲ ವಿನಯದೊಂದಿಗೆ ಬರೆದೆ. ‘ವಿತ್ ಸಿಂಪತಿ’ ಪರಿಶೀಲಿಸಲಾಗುವುದು ಎಂದು ಬಂತು. ಅಷ್ಟು ಸೊಗಸಾದ ಪತ್ರವ್ಯವಹಾರ ಆ ಆಫೀಸಿನಲ್ಲಿ ಹಿಂದೆ ನಡೆದಿರಲಿಲ್ಲ. ನನ್ನ ಮೇಜಿಗೂ ಮ್ಯಾನೇಜರ ಮೇಜಿಗೂ ನಡುವೆ ಇದ್ದದ್ದು ಒಂದು ಹಲಗೆಯ ಅಡ್ಡಗೋಡೆ.

“ಏನಂದ್ರು?” ಎಂದಳು ದೇವಮ್ಮ.

“ಸಹಾನುಭೂತಿಯಿಂದ ನೋಡ್ತಾರಂತೆ.”

“ಇಲ್ಲೇ ಕೂತ್ಕಂಡು ನೋಡ್ತಾರಾ? ಬಂದು ನೋಡಕ್ಕೇಳಿ.”

ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ತಿಳಿಯದೆ ನಾನು ಬಿಟ್ಟುಬಿಟ್ಟೆ.

ಸೋಮವಾರ ಬೆಳಿಗ್ಗೆ ದೇವಮ್ಮ ಆಫೀಸಿನ ಜಗಲಿಗೆ ಬಂದಳು. ಬೈಯಲಿಲ್ಲ, ಅಳಲಿಲ್ಲ. ಮೂರು ಕಲ್ಲು ಹೂಡಿ ಒಲೆ ಹಚ್ಚಿದಳು, ಮಡಕೆ ಇಟ್ಟಳು, ಕೆಂಡದ ಮೇಲೆ ಒಣಮೀನು ಸುಟ್ಟಳು. ಹೊಗೆ ಸೀದಾ ಮ್ಯಾನೇಜರ ಕೋಣೆಗೆ ಹೋಯಿತು. ದೊರೆಯ ನಾಯಿ ಎದ್ದು ಬಂದು ಅವಳ ಪಕ್ಕ ಕೂತಿತು.

“ಏನಿದು?” ಎಂದರು ಮ್ಯಾನೇಜರು, ಮೂಗಿಗೆ ಕರವಸ್ತ್ರ ಹಿಡಿದು.

“ಅನ್ನ ಸಾಮಿ. ಗ್ವಾಡೆ ಆಗೋಗಂಟ ಇಲ್ಲೇ ಇರ್ತೀನಿ. ಇಲ್ಲಿ ಗ್ವಾಡೆ ಗಟ್ಟಿಯಾಗದೆ.”

ಅವರು ನನ್ನನ್ನು ಒಳಗೆ ಕರೆದರು. ಮೈಸೂರಿನಲ್ಲಿದ್ದ ಮಾಲೀಕರಿಗೆ ವರದಿ ಹೋಗಬೇಕು. ಇವಳು ಆಫೀಸಿಗೆ ‘ವಿತ್ ಇನ್ಸೊಲೆನ್ಸ್’ ನುಗ್ಗಿದಳೆಂದು ಅದರಲ್ಲಿ ಇರಬೇಕು. ಉದ್ಧಟತನದೊಂದಿಗೆ. “ಕಣ್ಣಾರೆ ಕಂಡವನು ನೀನು. ಬರೆದು ಸಹಿ ಹಾಕು,” ಎಂದರು. ಆ ಎರಡು ಪದ ಬಿದ್ದರೆ ಸಾಕು, ಸಂಜೆಯೊಳಗೆ ದೇವಮ್ಮನಿಗೆ ಕೆಲಸವೂ ಇಲ್ಲ, ಲೈನೂ ಇಲ್ಲ.

ಪೆನ್ನು ಅದ್ದಿದೆ. ಇಲ್ಲದ ಎಚ್ಚರಿಕೆ, ಇಲ್ಲದ ಅವಸರ, ಇಲ್ಲದ ವಿನಯ ಎಲ್ಲವನ್ನೂ ಧಾರಾಳವಾಗಿ ಬರೆದ ಕೈ ಅದು. ಇಲ್ಲದ ಉದ್ಧಟತನ ಬರೆಯುವುದು ಅದಕ್ಕೇನು ಮಹಾ? ಕಿಟಕಿಯಿಂದ ನೋಡಿದೆ. ದೇವಮ್ಮ ಮೀನಿನ ತಲೆ ಮುರಿದು ನಾಯಿಗೆ ಹಾಕುತ್ತಿದ್ದಳು. ನನಗೆ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ನಿಜ ಹೇಳಬೇಕೆಂದರೆ ಹೆದರಿಕೆಯೇ ಹೆಚ್ಚು. ಈ ಕೆಲಸ ಹೋದರೆ ಶಿರಂಗಾಲದಲ್ಲಿ ಅಪ್ಪನ ಎದುರು ನಿಲ್ಲುವುದು ಹೇಗೆ?

ಕೊನೆಗೆ ಕಂಡದ್ದನ್ನೇ ಬರೆದೆ. ‘ತನ್ನ ಕೋಣೆಯ ಗೋಡೆ ಬೀಳುವಂತಿರುವುದರಿಂದ ದೇವಮ್ಮ ಎರಡು ಮಡಕೆ, ಮೂರು ಕಲ್ಲು, ಒಂದು ಒಣಮೀನಿನೊಂದಿಗೆ ಆಫೀಸಿನ ಜಗಲಿಗೆ ಬಂದಳು. ಈ ಗೋಡೆಯ ಬಗ್ಗೆ ಎರಡು ಸಲ ಬರೆಯಲಾಗಿತ್ತು.’ ಸಹಿ ಹಾಕುವಾಗ ಬಾಲಕ್ಕೆ ಸುರುಳಿ ಸುತ್ತಲಿಲ್ಲ.

ಮ್ಯಾನೇಜರು ಎರಡು ಸಲ ಓದಿದರು. “ಯಾವ ರೀತಿಯಲ್ಲಿ ಬಂದಳು ಅನ್ನೋದು ಎಲ್ಲಿ?”

“ನಡ್ಕೊಂಡು ಬಂದ್ಲು ಸಾರ್.”

ಕೆಂಪು ಪೆನ್ಸಿಲು ಮೇಲೆದ್ದದ್ದು ಕೆಳಗಿಳಿಯಲಿಲ್ಲ. ಇದು ಮೈಸೂರಿಗೆ ಹೋದರೆ ಆ ಎರಡು ಕಾಗದ ಏನಾದವೆಂದು ಕೇಳುತ್ತಾರೆ ಎಂಬುದು ಅವರಿಗೆ ಹೊಳೆದಿರಬೇಕು. ವರದಿಯನ್ನು ಡ್ರಾಯರಿಗೆ ತಳ್ಳಿ, ಗಾರೆಯವನನ್ನು ಕರೆಸಿದರು. ಗುರುವಾರದ ಹೊತ್ತಿಗೆ ಗೋಡೆ ಎದ್ದಿತ್ತು. ವಿಳಂಬವಿಲ್ಲದೆ, ಸಹಾನುಭೂತಿಯೊಂದಿಗೆ ಕಟ್ಟಿಸಲಾಯಿತು ಎಂದು ಮಾಲೀಕರಿಗೆ ವರದಿ ಹೋಯಿತು. ಅದನ್ನೂ ನಾನೇ ಬರೆದೆ. ಒಂದು ಸಲ ಧೈರ್ಯ ಮಾಡಿದ ಮಾತ್ರಕ್ಕೆ ನಾನೇನು ಸತ್ಯವಂತನಾಗಿಬಿಡಲಿಲ್ಲ.

ಮಡಕೆಗಳನ್ನು ಎತ್ತಿಕೊಂಡು ಹೊರಟ ದೇವಮ್ಮ ನನ್ನ ಕಿಟಕಿಯ ಹತ್ತಿರ ನಿಂತಳು. “ಅವತ್ತು ನನ್ನ ಮ್ಯಾಲೆ ಏನೋ ಬರೆದ್ರಂತಲ್ಲ, ಏನದು?”

ನಕಲು ನನ್ನ ಬಳಿ ಇತ್ತು. ಹೊಗಳಿಕೆಗೆ ಮುಖ ಸಿದ್ಧ ಮಾಡಿಕೊಂಡು, ಕನ್ನಡದಲ್ಲಿ ನಿಧಾನವಾಗಿ ಓದಿ ಹೇಳಿದೆ. ಅವಳು ತಲೆ ಓರೆ ಮಾಡಿ ಪೂರ್ತಿ ಕೇಳಿದಳು.

“ಎರಡಿದ್ವು,” ಎಂದಳು.

“ಏನು?”

“ಮೀನು. ಎರಡು ತಂದಿದ್ದೆ. ಅಷ್ಟೆಲ್ಲ ಓದಿದೀರ, ನೋಡ್ಕಂಡು ಬರೀಬಾರ್ದಾ ರೈಟ್ರೇ?”

ಒಂದು ಎಂಬುದನ್ನು ಹೊಡೆದು ಎರಡು ಎಂದು ತಿದ್ದಿದೆ. ಅವಳು ಕಿಟಕಿಯ ಸರಳು ಹಿಡಿದು, ನಾನು ತಿದ್ದಿ ಮುಗಿಸುವವರೆಗೂ ನಿಂತು ನೋಡಿ ಹೋದಳು.