ಸರಪಳಿಯ ಕೊನೆಯವಳು

ಇಸ್ತ್ರಿಯಕ್ಕನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವಳ ಚರ್ಚಿನ ಸಭೆಯವರೆಲ್ಲ ಹೇಳುತ್ತಾರೆ. ದಿನವಿಡೀ ಹೋಟೆಲಿನ ನೆಲಮಾಳಿಗೆಯಲ್ಲಿ ಒದ್ದೆ ಹಾಸುಬಟ್ಟೆಗಳನ್ನು ಇಸ್ತ್ರಿ ಯಂತ್ರದ ಬಿಸಿ ಉರುಳೆಗಳ ನಡುವೆ ತೂರಿಸಿ, ಆಚೆಯಿಂದ ಎಳೆದು, ಮಡಚಿ, ಪೇರಿಸಿ, ಸಂಜೆ ಕಾಲು ಊದಿಸಿಕೊಂಡು ಮನೆ ಸೇರುವವಳ ಮೂಗಿನ ತುದಿಯಲ್ಲಿ ಜೇನುತುಪ್ಪ ಇರುತ್ತದೆಯೇ? ಹಾಗೆಂದು ಅವಳ ಪರವಾಗಿ ಕೇಳುವವರು ಯಾರೂ ಇಲ್ಲ. ಗಂಡ ಬಸ್ ಓಡಿಸುತ್ತಾನೆ, ಭಾನುವಾರ ಮುಸುಕೆಳೆದು ಮಲಗುತ್ತಾನೆ. "ನನಗೂ ದೇವರಿಗೂ ಜಗಳ ಇಲ್ಲ, ಮಾತೂ ಇಲ್ಲ" ಎನ್ನುತ್ತಾನೆ. ಹಾಗಾಗಿ ಚರ್ಚಿಗೆ ಅವಳೊಬ್ಬಳೇ.

ಆ ಸಭೆಯಲ್ಲಿ ಪ್ರಾರ್ಥನಾ ಸರಪಳಿ ಎಂಬ ಒಂದು ಏರ್ಪಾಡಿದೆ. ಯಾರಿಗಾದರೂ ಕಷ್ಟ ಬಂದರೆ ಮೊದಲು ಔಷಧಿ ಅಂಗಡಿಯಮ್ಮನಿಗೆ ಸುದ್ದಿ ಹೋಗುತ್ತದೆ. ಅವರು ಸಭೆಯ ಹಿರಿಯರು, ಸುಕ್ಕಿಲ್ಲದ ಬಟ್ಟೆಯವರು. ಅವರು ಪ್ರಾರ್ಥಿಸಿ ಮುಂದಿನವರಿಗೆ ಫೋನ್ ಮಾಡುತ್ತಾರೆ, ಅವರು ತಮ್ಮ ಮುಂದಿನವರಿಗೆ. ಕೊನೆಯ ಕೊಂಡಿ ಇಸ್ತ್ರಿಯಕ್ಕ, ಏಕೆಂದರೆ ಕೆಲಸದ ಹೊತ್ತಿನಲ್ಲಿ ಅವಳ ಫೋನು ಮೇಲ್ವಿಚಾರಕನ ಕಪಾಟಿನಲ್ಲಿರುತ್ತದೆ. ಕೊನೆಯವಳು ತಿರುಗಿ ಔಷಧಿ ಅಂಗಡಿಯಮ್ಮನಿಗೆ ಫೋನ್ ಮಾಡಿ "ಮುಟ್ಟಿತು" ಎಂದರೆ ಸರಪಳಿ ಪೂರ್ತಿಯಾದಂತೆ.

ಆ ಸಂಜೆ ಫೋನ್ ಮಾಡಿದವಳು ಬೇಕರಿಯವನ ಹೆಂಡತಿ.

"ಆರ್ಗನ್ ಟೀಚರು ಬೆಳಿಗ್ಗೆ ಬಚ್ಚಲಲ್ಲಿ ಜಾರಿ ಬಿದ್ರಂತೆ ಕಣೆ. ಸೊಂಟಕ್ಕೆ ಏಟು. ಹಾಲಿನವನು ಕೂಗು ಕೇಳಿ ಡಾಕ್ಟ್ರನ್ನ ಕರೆಸಿದ್ನಂತೆ, ಅವರು ನೋಡಿ ಹೋದ್ರಂತೆ, ಏಳೋ ಹಾಗಿಲ್ವಂತೆ. ಪ್ರಾರ್ಥನೆ ಮಾಡು."

"ಹತ್ರ ಯಾರಿದ್ದಾರೆ?"

"ಯಾರಾದ್ರೂ ಇರ್ತಾರೆ. ಇಷ್ಟು ಜನಕ್ಕೆ ಗೊತ್ತಾಗಿದೆಯಲ್ಲ."

ಇಸ್ತ್ರಿಯಕ್ಕ ಕಣ್ಣು ಮುಚ್ಚಿದಳು. ಪ್ರಾರ್ಥನೆ ಬರಲಿಲ್ಲ. ಚರ್ಚಿನಲ್ಲಿ ಆರ್ಗನ್ ನುಡಿಸುವ ಆ ಒಂಟಿ ಮುದುಕಿ ಹಿಂದೊಮ್ಮೆ ಇವಳನ್ನು ಗಾನವೃಂದದಿಂದ ಎಲ್ಲರೆದುರು ಹೊರಗೆ ಕಳಿಸಿದ್ದಳು. "ನಿನ್ನ ಸ್ವರ ಪಕ್ಕದವರನ್ನೂ ಎಳ್ಕೊಂಡು ಬೀಳುತ್ತೆ" ಎಂದಿದ್ದಳು. ಆ ಅವಮಾನದ ಉರಿ ಇನ್ನೂ ಆರಿರಲಿಲ್ಲ. ಆದರೂ "ಯಾರಾದ್ರೂ" ಎಂಬ ಮಾತು ತಲೆ ತಿನ್ನತೊಡಗಿತು. ಔಷಧಿ ಅಂಗಡಿಯಮ್ಮನಿಗೆ ಫೋನ್ ಹಚ್ಚಿದಳು.

"ಮುಟ್ಟಿತು. ಟೀಚರ ಹತ್ರ ಯಾರು ಹೋದ್ರು?"

"ಬೆಳಿಗ್ಗೆಯಿಂದ ಎಲ್ರೂ ಪ್ರಾರ್ಥನೆ ಮಾಡ್ತಾ ಇದ್ದೀವಮ್ಮ."

"ಅದಲ್ಲ ನಾನು ಕೇಳಿದ್ದು. ಹೋದವರು ಯಾರು?"

"ನಂತರದವರು ಯಾರಾದ್ರೂ ಹೋಗಿರಬೇಕಲ್ಲ" ಎಂದರು.

ಇಸ್ತ್ರಿಯಕ್ಕ ಸರಪಳಿಯನ್ನು ಹಿಂದುಮುಂದಾಗಿ ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತ ಹೋದಳು. ಬೇಕರಿಯವನ ಹೆಂಡತಿ ದರ್ಜಿ ಹೋಗಿರುತ್ತಾಳೆ ಎಂದುಕೊಂಡಿದ್ದಳು. ದರ್ಜಿ ಶಾಲೆಯ ಮೇಡಂ ಹೋಗಿರುತ್ತಾರೆ ಎಂದುಕೊಂಡಿದ್ದಳು. ಮೇಡಂ ಅಂತೂ, ಹಿರಿಯರು ಹೋಗದೆ ಇರುತ್ತಾರೆಯೇ ಎಂದು ನಿಶ್ಚಿಂತೆಯಿಂದಿದ್ದರು. ಯಾರೂ ಸುಳ್ಳು ಹೇಳಲಿಲ್ಲ, ಎಲ್ಲರೂ ನಿಜವಾಗಿಯೂ ಕಣ್ಣೀರಿಟ್ಟು ಪ್ರಾರ್ಥಿಸಿದ್ದರು. ಅದಕ್ಕೇ ಅವಳಿಗೆ ಇನ್ನಷ್ಟು ಮೈ ಉರಿಯಿತು. ಬೆಳಿಗ್ಗೆಯಿಂದ ಇಡೀ ಸಭೆ ಮೊಣಕಾಲೂರಿತ್ತು, ಒಬ್ಬರೂ ಮುದುಕಿಯ ಮನೆ ಮೆಟ್ಟಿಲು ಹತ್ತಿರಲಿಲ್ಲ.

ಗೊಣಗುತ್ತಲೇ ಚಪ್ಪಲಿ ಮೆಟ್ಟಿ ಹೊರಟಳು. ಬಾಗಿಲು ಡಾಕ್ಟರು ಹೋಗುವಾಗ ಎಳೆದುಕೊಂಡಷ್ಟೇ ಇತ್ತು. ಮುದುಕಿ ಅವರು ಮಲಗಿಸಿದ ಹಾಗೇ ಬಿದ್ದಿದ್ದಳು. ನೀರಿನ ಲೋಟ ಕೈಗೆಟುಕದಷ್ಟು ದೂರ. ಹಾಸಿಗೆ ಒದ್ದೆ.

"ನೀನಾ? ಬೇರೆ ಯಾರೂ ಸಿಗ್ಲಿಲ್ವಾ?" ಎಂದಳು ಮುದುಕಿ.

"ನನಗೂ ಬೇರೆ ಕೆಲಸ ಇತ್ತು ಟೀಚರ್."

ನೀರು ಕುಡಿಸಿ, ಮೆಲ್ಲನೆ ಒಂದು ಮಗ್ಗುಲಿಗೆ ಹೊರಳಿಸಿ ಬಟ್ಟೆ ಬದಲಿಸುವಾಗ ಮುದುಕಿ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ನಾಚಿಕೆಯಿಂದ ಕಿವಿ ಕೆಂಪಾಗಿತ್ತು. ಅದನ್ನು ನೋಡಿ ಇಸ್ತ್ರಿಯಕ್ಕ ನಾಲಿಗೆ ತುದಿಗೆ ಬಂದಿದ್ದ ಹಳೆಯ ಮಾತನ್ನು ನುಂಗಿಕೊಂಡಳು.

"ಬೆಳಿಗ್ಗೆ, ಸಂಜೆ ಎತ್ತಿ ಕೂರಿಸೋಕೆ ಯಾರಾದ್ರೂ ಬೇಕಂತೆ. ಇಲ್ಲದಿದ್ರೆ ವೃದ್ಧಾಶ್ರಮಕ್ಕೆ ಸೇರಿಸ್ಬೇಕಾಗುತ್ತೆ ಅಂದ ಡಾಕ್ಟ್ರು" ಎಂದಳು ಮುದುಕಿ, ಗೋಡೆಗೇ ಹೇಳುವಂತೆ. "ಅಲ್ಲಿಂದ ವಾಪಸ್ ಬಂದವರನ್ನ ನೀನು ನೋಡಿದ್ದೀಯಾ?"

ಇಸ್ತ್ರಿಯಕ್ಕ ನೋಡಿರಲಿಲ್ಲ. ಮರುದಿನ ಬೆಳಗಾಗುತ್ತಲೇ ಮತ್ತೆ ಬಂದಳು, ಸಂಜೆಯೂ ಬಂದಳು. ಪ್ರೀತಿ ಉಕ್ಕಿ ಬಂದಳು ಎಂದರೆ ಸುಳ್ಳಾಗುತ್ತದೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ಕಥೆಯನ್ನು ಚಿಕ್ಕಂದಿನಿಂದ ಕೇಳಿದ್ದಳು. ಆ ಕಾಲುಗಳಲ್ಲಿ ಎಷ್ಟು ಕೊಳೆಯಿತ್ತು, ಬಗ್ಗಿದವನಿಗೆ ಬೆನ್ನು ನೋಯಿತೇ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ಮುದುಕಿಯೂ ಮೆತ್ತಗಾಗಲಿಲ್ಲ. ಕಸ ಗುಡಿಸುತ್ತ ಇವಳು ಮರೆತು ಒಂದು ಗೀತೆ ಗುನುಗಿದರೆ, "ಶ್ರುತಿ" ಎಂದು ಮಂಚದಿಂದಲೇ ಗದರುತ್ತಿದ್ದಳು.

ಸಭೆಯವರನ್ನು ಬಾಯಿಬಿಟ್ಟು ಕೇಳಿದಳು. ಕೇಳಿದವರೆಲ್ಲ ಏನಾದರೊಂದು ಕಳಿಸಿದರು. ಹೂ ಬಂತು, ಹಣ್ಣು ಬಂತು, ಮಲಗಿದಲ್ಲೇ ಒಣ ತಿಂಡಿ ನುಂಗಲಾರದ ಮುದುಕಿಗೆ ಬೇಕರಿಯಿಂದ ಕೇಕು ಬಂತು. ಹೂದಾನಿಯ ನೀರು ಬದಲಿಸುವುದೂ ಇಸ್ತ್ರಿಯಕ್ಕನ ತಲೆಗೇ ಬಂತು. "ನಿಮ್ಮ ಸಭೇಲಿ ಕೈಕಾಲಿರೋರು ನೀನೊಬ್ಳೇನಾ?" ಎಂದು ಗಂಡ ಕೇಳಿದ. ಅವಳು ಅವನ ಮೇಲೆ ರೇಗಿದಳು. ಕೆಲಸಕ್ಕೆ ದಿನವೂ ತಡವಾಗುತ್ತಿತ್ತು. ಶನಿವಾರ ಮೇಲ್ವಿಚಾರಕ ಕರೆದು, "ಸೋಮವಾರವೂ ತಡ ಆದ್ರೆ ಆಮೇಲೆ ಬರೋದೇ ಬೇಡ" ಎಂದುಬಿಟ್ಟ. "ಸ್ವಾಮಿ, ನಿನ್ನ ಕಣ್ಣಿಗೆ ಬೀಳೋ ಹೆಗಲು ನನ್ನದೊಂದೇನಾ?" ಎಂದು ಅವಳು ಅಂದು ದಾರಿಯುದ್ದಕ್ಕೂ ದೇವರನ್ನು ತರಾಟೆಗೆ ತೆಗೆದುಕೊಂಡಳು.

ಭಾನುವಾರ ಪಾದ್ರಿಯವರ ಉಪದೇಶ "ನಮ್ಮ ನಡುವಿನ ವೀರರು" ಎಂಬ ವಿಷಯದ ಮೇಲೆ. ಎದ್ದು ನಡೆಯಲಾಗದವನನ್ನು ಹಾಸಿಗೆ ಸಮೇತ ಹೊತ್ತು, ಮನೆಯ ಮಾಡು ಕಿತ್ತು, ಯೇಸುವಿನ ಮುಂದೆ ಇಳಿಸಿದ ನಾಲ್ವರ ಕಥೆ ಹೇಳಿದರು. ಆ ನಾಲ್ವರ ಹೆಸರು ಯಾರಿಗೂ ಗೊತ್ತಿಲ್ಲ, ಅಂಥವರೇ ನಿಜವಾದ ವೀರರು ಎಂದರು. ಆಮೇಲೆ ಇಸ್ತ್ರಿಯಕ್ಕನನ್ನು ಮುಂದೆ ಕರೆದು ಕೈಗೊಂದು ಹೂಗುಚ್ಛ ಕೊಟ್ಟು, "ನಮ್ಮ ಸರಪಳಿಯ ಪ್ರಾರ್ಥನೆಗೆ ದೇವರು ಕೊಟ್ಟ ಉತ್ತರ ಇವರು" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅವಳು ಹೂಗುಚ್ಛವನ್ನು ಪಕ್ಕದ ಮೇಜಿನ ಮೇಲಿಟ್ಟಳು.

"ಅಯ್ನೋರೇ, ಹಾಸಿಗೆಗೆ ನಾಲ್ಕು ಮೂಲೆ ಇದೆ" ಎಂದಳು. "ನಾನು ಹಿಡಿದಿರೋದು ಒಂದು. ಮಿಕ್ಕ ಮೂರು ನೆಲದ ಮೇಲೆ ಎಳೆದಾಡ್ತಾ ಇದೆ. ನಾಳೆ ಬೆಳಿಗ್ಗೆ ನಾನು ಹೋದ್ರೆ ನನ್ನ ಕೆಲಸ ಹೋಗುತ್ತೆ, ಹೋಗದಿದ್ರೆ ಟೀಚರು ವೃದ್ಧಾಶ್ರಮಕ್ಕೆ ಹೋಗ್ತಾರೆ. ಯಾರು ಬರ್ತೀರ?"

ಚಪ್ಪಾಳೆ ನಿಂತಿತು. ಪಾದ್ರಿಯವರು ಕನ್ನಡಕ ಸರಿಪಡಿಸಿಕೊಂಡರು. "ಈ ವಿಷಯಕ್ಕಾಗಿ ನಾವೆಲ್ಲ ತಲೆಬಾಗಿಸಿ..."

"ಆಮೇಲೆ ಬಾಗಿಸೋಣ. ಮೊದಲು ಯಾರು ಅಂತ ಹೇಳಿ."

ಯಾರೂ ಮಿಸುಕಲಿಲ್ಲ. ಇವಳೂ ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಮುಂದಿನ ಸಾಲಿನಲ್ಲಿ ಔಷಧಿ ಅಂಗಡಿಯಮ್ಮ ಎದ್ದು ನಿಂತರು.

"ನನಗೆ ಅದೆಲ್ಲ ಮಾಡಿ ಗೊತ್ತಿಲ್ಲ" ಎಂದರು, ಸಣ್ಣ ದನಿಯಲ್ಲಿ.

"ನನಗೂ ಗೊತ್ತಿರಲಿಲ್ಲ."

"ಎಷ್ಟು ಹೊತ್ತಿಗೆ ಬರಬೇಕು?"

ಸೋಮವಾರ ಇಸ್ತ್ರಿಯಕ್ಕ ಸಮಯಕ್ಕೆ ಸರಿಯಾಗಿ ಯಂತ್ರದ ಮುಂದೆ ನಿಂತಳು. ಮನಸ್ಸು ಮಾತ್ರ ಮುದುಕಿಯ ಮನೆಯಲ್ಲಿತ್ತು. ಔಷಧಿ ಅಂಗಡಿಯಮ್ಮ ಬಂದಿರುವುದಿಲ್ಲ, ಬಂದಿದ್ದರೂ ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ತಿರುಗಿರುತ್ತಾರೆ ಎಂದು ಒಳಗೊಳಗೇ ಕುದಿಯುತ್ತ ಹಾಸುಬಟ್ಟೆಗಳನ್ನು ಎಳೆದಳು. ಊಟದ ಬಿಡುವಿಗೆ ಮೇಲ್ವಿಚಾರಕನನ್ನು ಕಾಡಿ ಫೋನು ಇಸಿದುಕೊಂಡಳು. ಮುದುಕಿಯ ಮನೆಗೆ ಹಚ್ಚಿದಾಗ, ಇವಳು ದಿಂಬಿನ ಪಕ್ಕ ಇಟ್ಟುಬಂದಿದ್ದ ಫೋನನ್ನು ಮುದುಕಿಯೇ ಎತ್ತಿದಳು.

"ಬಂದ್ರಾ?"

"ಬಂದಿದ್ಲು. ನೀರು ಕಾಸೋಕೂ ತಿಳಿಯಲ್ಲ, ತಣ್ಣೀರಲ್ಲೇ ಮೈ ಒರೆಸಿದ್ಲು. ಅರ್ಧ ಒರೆಸೋ ಹೊತ್ತಿಗೆ ಅಳೋಕೆ ಶುರು ಮಾಡಿದ್ಲು, ನಾನೇ ಸಮಾಧಾನ ಮಾಡ್ಬೇಕಾಯ್ತು." ಮುದುಕಿ ಉಸಿರೆಳೆದುಕೊಂಡಳು. "ನಾಳೆ ನೀರು ಬಿಸಿ ಮಾಡು ಅಂತ ಅವಳಿಗೆ ಹೇಳು."

ನಾಳೆ. ಹಾಗಾದರೆ ಅವರು ನಾಳೆಯೂ ಬರುತ್ತಾರೆ. ಇಸ್ತ್ರಿಯಕ್ಕ, "ನೀವೇ ಹೇಳಿ ಟೀಚರ್, ನನಗೆ ಕೆಲಸ ಇದೆ" ಎಂದು ಗದರಿ, ಫೋನಿಟ್ಟು, ಯಂತ್ರದ ಕಡೆ ನಡೆದಳು.