ಗ್ರೈಂಡರಿಗೆ ಹೆದರಿದ ಕಾರ್ಖಾನೆ

ಸಿಸಿಲಿಯಾ ಬಾಯಿಯನ್ನು ತಕ್ಕಡಿಗೆ ಹಾಕಿದರೆ ನಲವತ್ತೈದು ಕಿಲೋ ದಾಟಲಿಕ್ಕಿಲ್ಲ. ನಾಲಗೆಯನ್ನು ಬೇರೆ ತೂಗಬೇಕು. ಚೌಕಾಸಿಗೆ ಬಗ್ಗುವ ಮಾಲಲ್ಲ. ಕಟಪಾಡಿಯಲ್ಲಿ ಆಕೆಯ ಮನೆಯ ಹಿಂದಿನ ಷೆಡ್ಡನ್ನು ಬಾಡಿಗೆಗೆ ಹಿಡಿದು ಶಾಲೆಯ ಕಬ್ಬಿಣದ ಬೆಂಚು ಮಾಡುತ್ತಿದ್ದ ಸರ್ವೋತ್ತಮ ಹೀಗೆ ಅಂದಾಜು ಕಟ್ಟಿದ್ದ. ಇದನ್ನು ಬರೆಯುತ್ತಿರುವ ಮಾಲೀಕನೂ ಅವನೇ ಆದ್ದರಿಂದ ಅವನ ಜಾಣತನದಲ್ಲಿ ಸ್ವಲ್ಪ ಕಡಿತ ಮಾಡಿಕೊಂಡೇ ಓದಬೇಕು.

ತೊಂಬತ್ತೊಂಬತ್ತರಲ್ಲಿ ಸಣ್ಣ ಕೈಗಾರಿಕೆಗಳಿಗೆಂದೇ ಮೀಸಲಿಟ್ಟ ಸರಕಾರಿ ಶಾಲೆಗಳ ಬೆಂಚಿನ ಆರ್ಡರು ಸರ್ವೋತ್ತಮನಿಗೆ ಸಿಕ್ಕಿತು. ಹಿಂದೆಯೇ ಯಾರೋ ಪುಣ್ಯಾತ್ಮ ದೂರು ಹಾಕಿದ: ಇವನು ಏನನ್ನೂ ತಯಾರಿಸುವುದಿಲ್ಲ, ದೊಡ್ಡ ಕಂಪೆನಿಯ ಮಾಲು ತಂದು ತನ್ನ ಹೆಸರು ಅಂಟಿಸುತ್ತಾನೆ. ತನಿಖೆಗೆ ಅಧಿಕಾರಿ ಬರುವುದೆಂದಾಯಿತು. ಅರ್ಹತೆ ಹೋದರೆ ಆರ್ಡರು ಹೋಯಿತು, ಷೆಡ್ಡಿಗೆ ಬೀಗ. ಬಾಗಲಕೋಟೆಯಿಂದ ಸಂಸಾರ ಸಮೇತ ಬಂದಿದ್ದ ವೆಲ್ಡರ್ ಹುಸೇನಪ್ಪ ಮತ್ತೆ ಬಸ್ಸು ಹತ್ತಬೇಕು.

ಸಣ್ಣವನೆಂದು ತೋರಿಸಿಕೊಳ್ಳಬೇಕಾದ ದಿನ ಸರ್ವೋತ್ತಮ ದೊಡ್ಡವನ ವೇಷ ಹಾಕಿದ. ಅಧಿಕಾರಿಯೆಂದರೆ ಹೆಣ್ಣು ನೋಡಲು ಬರುವ ಬೀಗರು ಎಂದೇ ಅವನ ಎಣಿಕೆ. ಹೊಸ ಬೋರ್ಡು ಬರೆಸಿದ: ‘ಸರ್ವೋತ್ತಮ ಇಂಡಸ್ಟ್ರೀಸ್, ಉಡುಪಿ, ಮಣಿಪಾಲ, ಕಾಪು, ಕಾರ್ಕಳ’. ಉಡುಪಿಯೆಂದರೆ ಕಟಪಾಡಿಯ ಈ ಷೆಡ್ಡೇ, ಮಣಿಪಾಲವೆಂದರೆ ಭಾವನ ಫೋನು, ಕಾಪು ಎಂದರೆ ಚಿಕ್ಕಮ್ಮನ ಮನೆ. ಕಾರ್ಕಳದಲ್ಲಿ ಅವನನ್ನು ಗುರುತಿಸುತ್ತಿದ್ದದ್ದು ಬಸ್‌ಸ್ಟ್ಯಾಂಡಿನ ಹೋಟೆಲಿನವನೊಬ್ಬನೇ. ನೆಲ ತೊಳೆಸಿ, ವೆಲ್ಡಿಂಗ್ ಮೆಷಿನಿಗೆ ಬಟ್ಟೆ ಹೊದಿಸಿ, ಹುಸೇನಪ್ಪನಿಗೆ ಇಸ್ತ್ರಿ ಅಂಗಿ ತೊಡಿಸಿ ಕೂರಿಸಿದ.

ಬೆಂಗಳೂರು ಕಡೆಯ ಅಧಿಕಾರಿ ಸುತ್ತ ನೋಡಿದರು. “ಏನ್ರೀ, ಕೆಲಸ ನಡೆಯೋ ಜಾಗದಲ್ಲಿ ಒಂಚೂರು ಮಸಿ ಇಲ್ಲ. ನಾಲ್ಕು ಊರಲ್ಲಿ ಶಾಖೆ ಬೇರೆ!”

“ಶಾಖೆ ಅಂದರೆ ಸಾರ್... ಸಂಬಂಧಿಕರು.”

“ಅವರೂ ಬೆಂಚು ಮಾಡ್ತಾರಾ?”

ಸರ್ವೋತ್ತಮ ಮೆಷಿನಿನ ಬಟ್ಟೆ ಎಳೆದು ತೆಗೆದ. “ಹುಸೇನಪ್ಪ, ಸ್ವಲ್ಪ ವೆಲ್ಡಿಂಗ್ ಮಾಡಿ ತೋರಿಸು ಮಾರಾಯ!”

ಕಿಡಿ ಹಾರಿತು. ಮರುಕ್ಷಣವೇ ಹಿತ್ತಲ ಬಾಗಿಲಿನಿಂದ, ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡ ಸಿಸಿಲಿಯಾ ಬಾಯಿ ಬಂದಳು.

“ಸರ್ವೋತ್ತಮ! ನನ್ನ ಗ್ರೈಂಡರ್ ತಿರುಗುವಾಗ ನಿನ್ನ ವೆಲ್ಡಿಂಗ್ ಇಲ್ಲ ಅಂತ ಮಾತು ಉಂಟಲ್ವಾ? ನೀನು ವೆಲ್ಡಿಂಗ್ ಹಿಡಿದರೆ ನನ್ನ ಮನೆಯಲ್ಲಿ ಕರೆಂಟೇ ಇಲ್ಲ. ನಿನ್ನಿಂದಾಗಿ ಎರಡು ವರ್ಷ ಆಯ್ತು ಟಿವಿ ಸರಿಯಾಗಿ ನೋಡದೆ!”

“ಬಾಯಮ್ಮ, ಸಾಹೇಬರು ಬಂದಿದ್ದಾರೆ...”

“ಬರಲಿ! ಅವರಿಗೂ ಕಾಣಲಿ.” ಅಷ್ಟರಲ್ಲಿ ಬೋರ್ಡು ಕಣ್ಣಿಗೆ ಬಿತ್ತು. “ಮಣಿಪಾಲದಲ್ಲಿ ಎಂತ ಉಂಟು ನಿನಗೆ? ಇಲ್ಲಿ ಜಾಗ ಸಾಲದೆ ಬೆಂಚನ್ನೆಲ್ಲ ನನ್ನ ಅಂಗಳದಲ್ಲಿ ಒಣಗಿಸ್ತಿ. ನನ್ನ ಕೋಳಿಯ ಅವಸ್ಥೆ ನೋಡಿ ಸಾರ್!”

ಅಧಿಕಾರಿ ಅಂಗಳಕ್ಕಿಳಿದರು. ಹಸಿ ಪೈಂಟಿನ ಬೆಂಚುಗಳ ನಡುವೆ, ಅದೇ ಹಸಿರನ್ನು ರೆಕ್ಕೆಗೆ ಬಳಿದುಕೊಂಡ ಹೇಂಟೆಯೊಂದು ಗತ್ತಿನಿಂದ ನಡೆಯುತ್ತಿತ್ತು. ಅಲ್ಲೇ ಮೂಲೆಯಲ್ಲಿ ಕತ್ತರಿಸಿದ ಪೈಪಿನ ತುಂಡುಗಳ ರಾಶಿಯೂ ಇತ್ತು. ಗಲೀಜೆಂದು ಸರ್ವೋತ್ತಮ ಬೆಳಿಗ್ಗೆಯೇ ಅಲ್ಲಿಗೆ ಸಾಗಿಸಿದ್ದ.

ಅಧಿಕಾರಿ ನಕ್ಕುಬಿಟ್ಟರು. “ಗ್ರೈಂಡರಿಗೆ ಹೆದರಿ ನಿಲ್ಲೋ ಕಾರ್ಖಾನೇನ ದೊಡ್ಡದು ಅಂತ ಹೇಗ್ರೀ ಬರೀಲಿ? ಇಲ್ಲೇ ತಯಾರಾಗುತ್ತೆ ಅನ್ನೋದಕ್ಕೆ ಕೋಳೀನೇ ಸಾಕ್ಷಿ. ಮೊದಲು ಆ ಬೋರ್ಡು ಇಳಿಸಿ.”

ಆರ್ಡರು ಉಳಿಯಿತು. ಬೋರ್ಡು ಕೋಳಿಗೂಡಿನ ಮೇಲೇರಿ ಅದರ ಮಾಡಾಯಿತು. ಕಾಪು, ಕಾರ್ಕಳ ಶಾಖೆಗಳ ಕೆಳಗೆ ಹೇಂಟೆ ಮೊಟ್ಟೆ ಇಟ್ಟಿತು. ಸಿಸಿಲಿಯಾ ಬಾಯಿಗೆ ತಾನು ಮಾಡಿದ ಉಪಕಾರ ಯಾವುದೆಂದು ತಿಳಿಯಲೇ ಇಲ್ಲ. ತಿಳಿಸಲು ಹೋದಾಗ, “ಮೊದಲು ಕೋಳಿಯ ಬಣ್ಣ ತೆಗಿ” ಅಂದಳು.

ಸರ್ವೋತ್ತಮನ ಷೆಡ್ಡು ಮುಚ್ಚದೆ ಉಳಿದದ್ದು, ಹುಸೇನಪ್ಪ ಊರು ಬಿಡದೆ ನಿಂತದ್ದು ಆಕೆಯಿಂದ. ಆ ಋಣ ಸರ್ವೋತ್ತಮನ ಮೇಲಿದೆ.