ಗುಜರಿಗೆ ಹೋದ ಪ್ರೆಸ್ಸಿನೊಳಗೆ ನನ್ನ ಧ್ವನಿ

ನಮ್ಮ ಕಂಪನಿ ಪೀಣ್ಯದಲ್ಲಿ ಪವರ್ ಪ್ರೆಸ್ ಮಾಡುತ್ತದೆ. ತಗಡನ್ನು ಅಚ್ಚಿನ ಮೇಲಿಟ್ಟು ಕಾಲಿನಿಂದ ಪೆಡಲ್ ಒತ್ತಿದರೆ, ಮೇಲಿನಿಂದ ಉಕ್ಕಿನ ತಲೆಯೊಂದು ಇಳಿದು, ಬಡಿದು, ಮತ್ತೆ ಮೇಲೆ ಹೋಗಿ ನಿಲ್ಲುವ ಯಂತ್ರ ಅದು. ನಾನು ಅದನ್ನು ಮಾಡುವವನೂ ಅಲ್ಲ, ನಡೆಸುವವನೂ ಅಲ್ಲ. ನಾನು ಮಾರ್ಕೆಟಿಂಗ್. ಒಂದು ಕಾರ್ಖಾನೆ ಇನ್ನೊಂದು ಕಾರ್ಖಾನೆಗೆ ಯಂತ್ರ ಮಾರುವ ಈ ವ್ಯಾಪಾರದಲ್ಲಿ ನನ್ನಂಥವನು ಮದುವೆಮನೆ ಬಾಗಿಲಲ್ಲಿ ಪನ್ನೀರು ಚಿಮುಕಿಸುವವನಿದ್ದ ಹಾಗೆ. ಇದ್ದರೆ ಚೆಂದ, ಇಲ್ಲದಿದ್ದರೂ ಮದುವೆ ನಿಲ್ಲುವುದಿಲ್ಲ.

ಚಿಂತೆ ನನ್ನ ಹುಟ್ಟುಗುಣ. ಮಗಳ ಶಾಲೆಯಿಂದ ಫೋನ್ ಬಂದಾಗ ‘ಹಲೋ’ ಎನ್ನುವ ಬದಲು ‘ಯಾವ ಆಸ್ಪತ್ರೆ’ ಎಂದು ಕೇಳಿ, ಫೀಸಿನ ವಿಷಯ ಹೇಳಲು ಕರೆ ಮಾಡಿದ್ದ ಮೇಡಂ ಅವರನ್ನು ಗಾಬರಿಪಡಿಸಿದವನು ನಾನು.

ಕ್ಯೂಆರ್ ಕೋಡಿನ ಹುಚ್ಚು ಹತ್ತಿದ್ದು ನಮ್ಮ ಮಾಲೀಕರಿಗೆ. ಒಂದು ಬೆಳಿಗ್ಗೆ ಬಂದವರೇ, “ಎಳನೀರಿನವನ ಹತ್ರ ಕೋಡ್ ಇದೆ, ಹೂವಿನವಳ ಹತ್ರ ಇದೆ, ಟನ್‌ಗಟ್ಟಲೆ ಕಬ್ಬಿಣ ಮಾರೋ ನಮ್ಮ ಹತ್ರ ಇಲ್ಲ. ಏನ್ರೀ ಮಾಡ್ತಿದ್ದೀರಿ ನೀವು?” ಎಂದರು. ನಾನು ಉತ್ಸಾಹದಿಂದ ವಸ್ತುಪ್ರದರ್ಶನದ ನಮ್ಮ ಮಳಿಗೆಯ ತುಂಬ ಕೋಡ್ ಮುದ್ರಿಸಿ ತೂಗುಹಾಕಿದೆ. ಬಂದವರು ಅದನ್ನು ಸ್ಕ್ಯಾನ್ ಮಾಡಿ ನಮ್ಮ ಯಂತ್ರಗಳ ವಿವರ ಓದುತ್ತಾರೆ, ಅವರ ವಿವರ ನಮಗೆ ಸಿಗುತ್ತದೆ ಎಂಬುದು ಲೆಕ್ಕಾಚಾರ. ಕಾಫಿ ಕುಡಿದ ಒಬ್ಬ ದೊಡ್ಡ ಮನುಷ್ಯರು ಅದರ ಮುಂದೆ ಫೋನ್ ಹಿಡಿದು, “ಎಷ್ಟು ಹಾಕ್ಲಿ ಸಾರ್ ಕಾಫಿಗೆ?” ಎಂದು ಕೇಳಿದರು. ಅಂದಿನ ಮಟ್ಟಿಗೆ ಅದೇ ನಮಗೆ ಸಿಕ್ಕ ಅತ್ಯುತ್ತಮ ವಿಚಾರಣೆ.

ಆಮೇಲೆ ಹೊಳೆದ ಉಪಾಯವೇ ಈ ಕಥೆಗೆಲ್ಲ ಮೂಲ. ಮಳಿಗೆಗೆ ಜನ ಒಮ್ಮೆ ಬಂದು ಹೋಗುತ್ತಾರೆ, ಯಂತ್ರ ಮಾತ್ರ ವರ್ಷಗಟ್ಟಲೆ ಅವರ ಕಣ್ಣಮುಂದೆ ನಿಂತಿರುತ್ತದೆ. ಹಾಗಾದರೆ ಕೋಡನ್ನು ಯಂತ್ರಕ್ಕೇ ಅಂಟಿಸಿದರಾಯಿತು. ಒಂದೊಂದು ಯಂತ್ರಕ್ಕೂ ಅದರದೇ ಕೋಡು, ಅದರದೇ ಪುಟ. ಸ್ಕ್ಯಾನ್ ಮಾಡಿದರೆ ಸ್ವಾಗತದ ಮಾತು ಕೇಳಿಸುತ್ತದೆ. ಕೆಳಗೆ ಬಿಡಿಭಾಗಗಳ ಚಿತ್ರ, ಬೆಲೆ ಕೇಳುವ ಗುಂಡಿ, ನನ್ನ ಮೊಬೈಲಿಗೆ ಕರೆ ಮಾಡುವ ಗುಂಡಿ. ಯಾವ ಯಂತ್ರದ ಕೋಡು ಯಾವಾಗ ಸ್ಕ್ಯಾನ್ ಆಯಿತೆಂದು ನನ್ನ ಕಂಪ್ಯೂಟರಿನಲ್ಲಿ ಕಾಣಿಸುತ್ತದೆ.

ಸ್ವಾಗತದ ಮಾತು ನನ್ನದೇ ಧ್ವನಿಯಲ್ಲಿತ್ತು. ಸ್ಟುಡಿಯೋ ಯಾಕೆ ದಂಡ, ನಿಮ್ಮದು ಬಸ್‌ಸ್ಟ್ಯಾಂಡಿನಲ್ಲಿ ಕೂಗುವವರ ಗಂಟಲು ಎಂದು ಮಾಲೀಕರು ಹೊಗಳಿದ್ದರು. ‘ನಮಸ್ಕಾರ, ನಮ್ಮ ಯಂತ್ರವನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದ’ ಎಂದು ಶುರುಮಾಡಿದವನು, ಸುಮ್ಮನಿರಲಾರದೆ, ‘ಪೆಡಲ್ ಒತ್ತುವ ಮೊದಲು ಎರಡೂ ಕೈ ಹೊರಗಿರಲಿ’ ಎಂದು ಸೇರಿಸಿದೆ.

“ಜಾಹೀರಾತಲ್ಲಿ ಕೈ ಯಾಕ್ರೀ ಬಂತು?” ಎಂದರು ಮಾಲೀಕರು.

“ಇರ್ಲಿ ಬಿಡಿ ಸಾರ್.”

ಹೀಗಿರುವಾಗ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿದ್ದ ನಮ್ಮ ಪ್ರೆಸ್ಸೊಂದು ಕೆಟ್ಟಿತು. ಕೆಟ್ಟು ನಿಂತಿದ್ದರೆ ಯಾರಿಗೂ ತೊಂದರೆಯಿರಲಿಲ್ಲ. ಅದು ಪೆಡಲ್ ಒತ್ತದೆಯೂ ಇಳಿಯಲು ಶುರುಮಾಡಿತ್ತು. ಒಮ್ಮೆ ಬಡಿದು ಮೇಲೆ ಹೋಗುವುದು, ಎಲ್ಲ ಮುಗಿಯಿತೆಂದು ಕೈ ಹಾಕುವ ಹೊತ್ತಿಗೆ ತಾನಾಗಿಯೇ ಮತ್ತೊಮ್ಮೆ ಬಡಿಯುವುದು. ಅಲ್ಲಿಯ ಕೆಲಸಗಾರ ಆ ಕ್ಷಣದಲ್ಲಿ ಟೀ ಲೋಟಕ್ಕೆ ಕೈ ಚಾಚಿದ್ದರಿಂದ ಅವನ ಬೆರಳು ಉಳಿದವು. ನಮ್ಮ ಫಿಟ್ಟರ್ ಹೋಗಿ ನೋಡಿ, ತಲೆಯನ್ನು ಹಿಡಿದು ನಿಲ್ಲಿಸುವ ಕ್ಲಚ್ಚಿನೊಳಗಿನ ಕೀ ಎಂಬ ಉಕ್ಕಿನ ತುಂಡು ಬಿರುಕು ಬಿಟ್ಟಿದೆ, ರಿಪೇರಿ ಆಗುವವರೆಗೆ ಯಾರೂ ಮುಟ್ಟಕೂಡದು ಎಂದು ಹೇಳಿ ಬಂದ. ಅವರು ರಿಪೇರಿ ಬೇಡ, ಗುಜರಿಗೆ ಹಾಕಿ ಕತ್ತರಿಸಿಬಿಡುತ್ತೇವೆ ಎಂದರು. ಕತ್ತರಿಸಿಯಾಯಿತು ಎಂದೂ ತಿಳಿಸಿದರು. ನಾನು ನನ್ನ ಪರದೆಯ ಮೇಲೆ ಅದರ ಹೆಸರನ್ನು ಬೂದುಬಣ್ಣಕ್ಕೆ ತಿರುಗಿಸಿದೆ. ನಮ್ಮಲ್ಲಿ ಯಂತ್ರ ಸತ್ತರೆ ಮಾಡುವ ಕ್ರಿಯೆ ಅಷ್ಟೇ.

ಕೆಲವು ತಿಂಗಳ ಮೇಲೆ ಒಂದು ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಆ ಬೂದುಬಣ್ಣದ ಹೆಸರಿನ ಮುಂದೆ ಹಸಿರು ಚುಕ್ಕೆಯೊಂದು ಮಿನುಗುತ್ತಿತ್ತು. ಯಾರೋ ಅದರ ಕೋಡನ್ನು ಆಗಷ್ಟೇ ಸ್ಕ್ಯಾನ್ ಮಾಡಿದ್ದರು. ತಿಥಿ ಮುಗಿಸಿ ಮನೆಗೆ ಬಂದಾಗ ಸತ್ತವರ ನಂಬರಿನಿಂದ ಮಿಸ್ಡ್ ಕಾಲ್ ಬಂದಂತಾಯಿತು. ಏನೋ ತಪ್ಪಿರಬೇಕು ಎಂದುಕೊಂಡೆ. ಮರುದಿನ ಬೆಳಿಗ್ಗೆಯೂ ಚುಕ್ಕೆ ಬಂತು. ಅದರ ಮರುದಿನವೂ. ಭಾನುವಾರ ಇರಲಿಲ್ಲ; ಸೋಮವಾರ ಶಿಫ್ಟ್ ಶುರುವಾಗುವ ಹೊತ್ತಿಗೆ ಮತ್ತೆ ಹಾಜರ್.

ಪದೇ ಪದೇ ಬರುವವರ ಹೆಸರಿನ ಮುಂದೆ ಕೋಡಿನ ಲೆಕ್ಕವಿಡುವ ಸಾಫ್ಟ್‌ವೇರ್ ಪುಟ್ಟ ಬೆಂಕಿಯ ಚಿತ್ರ ಹಾಕುತ್ತದೆ. ಗಿರಾಕಿ ಬಿಸಿಯಾಗಿದ್ದಾನೆ, ಬೇಗ ಹಿಡಿಯಿರಿ ಎಂದು ಅರ್ಥ. ಸತ್ತ ಯಂತ್ರದ ತಲೆಯ ಮೇಲೆ ಬೆಂಕಿ ಉರಿಯತೊಡಗಿತು. ಮಾಲೀಕರಿಗೆ ಬಹಳ ಸಂತೋಷ. “ನೋಡಿದ್ರಾ, ಕೋಡ್ ಕೆಲಸ ಮಾಡ್ತಿದೆ. ಯಾರು ಈ ಪಾರ್ಟಿ?”

“ಗುಜರಿಗೆ ಹೋದ ಪ್ರೆಸ್ಸು ಸಾರ್.”

ಅವರು ನಗುವುದನ್ನು ನಿಲ್ಲಿಸಿದರು.

ಸ್ಟಿಕ್ಕರ್ ಮಾತ್ರ ಕಿತ್ತು ಬೇರೆಲ್ಲೋ ಅಂಟಿಸಿರಬಹುದಲ್ಲವೇ ಎಂದು ಫಿಟ್ಟರನನ್ನು ಕೇಳಿದೆ. ಇಲ್ಲ ಎನ್ನಲಿ ಎಂದು ಆಸೆಯಿರಲಿಲ್ಲ. ಹೌದು ಎನ್ನಲಿ ಎಂದಿತ್ತು. ಅವನು ಇಲ್ಲವೆಂದು ತಲೆಯಾಡಿಸಿದ. “ಅಂಟಿಸಿದ್ದೇ ನಾನು ಸಾರ್. ಕಿತ್ರೆ ಚೂರುಚೂರಾಗಿ ಬರುತ್ತೆ. ಸ್ಕ್ಯಾನ್ ಆಗ್ತಿದೆ ಅಂದ್ರೆ ಮಿಷಿನ್ ಎಲ್ಲೋ ನಿಂತಿದೆ. ಅದರ ಮುಂದೆ ದಿನಾ ಯಾರೋ ಕೂತ್ಕೊಳ್ತಿದ್ದಾರೆ.”

ಅಲ್ಲಿಂದ ನನ್ನ ನಿದ್ದೆ ಹೋಯಿತು. ಯಾರದೋ ಹತ್ತು ಬೆರಳು ದಿನವೂ ಆ ತಲೆಯ ಕೆಳಗೆ ಹೋಗಿ ಬರುತ್ತಿವೆ. ಹೋಗಿದ್ದು ಗೊತ್ತಾಗುತ್ತದೆ, ಬಂದಿದ್ದು ಗೊತ್ತಾಗುವುದಿಲ್ಲ. ಬೆಳಿಗ್ಗೆ ಚುಕ್ಕೆ ಮೂಡಿದರೆ ಗಾಬರಿಯಾಗುತ್ತಿತ್ತು. ಮೂಡುವುದು ತಡವಾದರೆ ಇನ್ನೂ ಹೆಚ್ಚು. ಪರದೆ ಹೇಳುತ್ತಿದ್ದದ್ದು ‘ಬೆಂಗಳೂರು’ ಎಂದಷ್ಟೇ. ವೈಟ್‌ಫೀಲ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಎಷ್ಟು ತಗಡಿನ ಶೆಡ್ಡುಗಳು, ಎಲ್ಲಿ ಅಂತ ಹುಡುಕುವುದು? ದೊಡ್ಡನೆಕ್ಕುಂದಿಯವರು ಗುಜರಿಯವನ ಕಡೆ ಬೆರಳು ತೋರಿಸಿದರು. ಗುಜರಿಯವನು, “ದಿನಾ ಲೋಡ್‌ಗಟ್ಟಲೆ ಬರುತ್ತೆ ಹೋಗುತ್ತೆ ಗುರು, ಕಬ್ಬಿಣಕ್ಕೆ ಜಾತಕ ಇಟ್ಕೊಳ್ಳಕ್ಕಾಗುತ್ತಾ?” ಎಂದ.

ಒಂದು ಮಧ್ಯಾಹ್ನ ನನ್ನ ಫೋನಿಗೆ ಕರೆ ಬಂತು. ಎತ್ತಿದೆ. ಯಾರೂ ಮಾತಾಡಲಿಲ್ಲ. ಕಬ್ಬಿಣ ಕಬ್ಬಿಣಕ್ಕೆ ಬಡಿಯುವ ಸದ್ದು. ಸ್ವಲ್ಪ ಬಿಡುವು. ಮತ್ತೆ ಸದ್ದು. ಬಿಡುವು. ಆಮೇಲೆ ಬಿಡುವೇ ಇಲ್ಲದೆ ಒಂದರ ಬೆನ್ನಿಗೇ ಇನ್ನೊಂದು. ಕರೆ ಕಡಿಯಿತು. ತಿರುಗಿ ಮಾಡಿದರೆ ಸ್ವಿಚ್ ಆಫ್. ನಾನು ಮೇಜಿನ ಮೇಲಿದ್ದ ನನ್ನ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಯಾಕೆಂದು ಕೇಳಬೇಡಿ.

ಆಗ ನೆನಪಾಯಿತು: ಅವರು ಎಲ್ಲಿದ್ದಾರೆಂದು ನನಗೆ ಗೊತ್ತಿಲ್ಲದಿದ್ದರೂ ನಾನು ಹೇಳುವುದು ದಿನವೂ ಅವರಿಗೆ ಕೇಳಿಸುತ್ತಿದೆ. ಕೋಡು ಅದೇ ಇದ್ದರೂ ಪುಟದ ಮಾತನ್ನು ಕೂತಲ್ಲಿಂದಲೇ ಬದಲಿಸಬಹುದು. ಹಬ್ಬದ ರಿಯಾಯಿತಿ ಸಾರಲಿ ಎಂದು ಮಾಡಿಕೊಂಡಿದ್ದ ವ್ಯವಸ್ಥೆ. ಮೀಟಿಂಗ್ ರೂಮಿನ ಬಾಗಿಲು ಹಾಕಿಕೊಂಡು ರೆಕಾರ್ಡ್ ಮಾಡಿದೆ: ‘ಈ ಯಂತ್ರ ಮುಟ್ಟಬೇಡಿ. ಇದು ತಾನಾಗಿ ಇಳಿಯುತ್ತದೆ, ಕೈ ಹೋಗುತ್ತದೆ. ಕೂಡಲೇ ಎದ್ದು ಕೆಳಗಿನ ಗುಂಡಿ ಒತ್ತಿ ನನಗೆ ಫೋನ್ ಮಾಡಿ.’ ಕೇಳಿ ನೋಡಿದಾಗ ಅದು ನಾನೆನ್ನಿಸಲಿಲ್ಲ; ಬಾವಿಯೊಳಗಿನಿಂದ ಯಾರೋ ಕೂಗಿದಂತಿತ್ತು.

ಮರುದಿನ ಬೆಳಿಗ್ಗೆ ಚುಕ್ಕೆ ಮೂಡಿತು. ತಕ್ಷಣ ಇನ್ನೊಂದು. ಮತ್ತೊಂದು. ಯಾರೋ ಅದನ್ನು ಬಿಡದೆ ಮತ್ತೆ ಮತ್ತೆ ಕೇಳುತ್ತಿದ್ದರು. ಫೋನ್ ಹೊಡೆದುಕೊಂಡಿತು.

“ಸರ,” ಎಂದಿತು ಒಂದು ಹೆಣ್ಣು ದನಿ. “ಇವತ್ತ ಮಶಿನ್ ಬ್ಯಾರೇನ ಮಾತಾಡಾಕತ್ತೈತ್ರಿ.”

“ಅಮ್ಮಾ, ಮೊದಲು ಅದರಿಂದ ದೂರ ನಿಲ್ಲಿ. ಅದು ಮಾತಾಡ್ತಿರೋದಲ್ಲ, ನಾನು. ಎಲ್ಲಿದ್ದೀರಿ?”

“ನೀವ ಏನ್ರಿ ಅದು?” ಎಂದಳು ಆಕೆ. ಆಮೇಲೆ, “ಬಾಗಲಗುಂಟ್ಯಾಗ ಅದೀನ್ರಿ. ನೀರಿನ ಟ್ಯಾಂಕಿನ ಹಿಂದ ಶೆಡ್ಡೈತ್ರಿ. ಮಾಲಕ್ರು ಬಂದ್ರು, ಇಡ್ತೀನ್ರಿ.”

ಅಂದರೆ ನಮ್ಮ ಆಫೀಸಿನ ಪಕ್ಕದಲ್ಲೇ. ಬೆಂಗಳೂರೆಲ್ಲ ಜಾಲಾಡುತ್ತಿದ್ದ ನನ್ನ ಮನಸ್ಸು ಅಲ್ಲೊಂದು ಕಡೆ ಮಾತ್ರ ಹೋಗಿರಲಿಲ್ಲ. ಫಿಟ್ಟರನ ಬೈಕಿನ ಹಿಂದೆ ಕೂತೆ. ಟ್ಯಾಂಕಿನ ಹಿಂದಿನ ಗಲ್ಲಿಯಲ್ಲಿ ಕರೆಂಟ್ ಹೋಗಿತ್ತೋ ಏನೋ, ಪೀಣ್ಯದ ಕಡೆ ಎಂದೂ ಕೇಳದ ಮೌನವಿತ್ತು. ಹಗಲು ಬಿಸಿಲಲ್ಲಿ ಅರ್ಧ ಇಳಿದ ರೋಲಿಂಗ್ ಶಟರ್, ಒಳಗೆ ಕತ್ತಲೆ. ಆ ಕತ್ತಲೆಯೊಳಗಿನಿಂದ ನನ್ನ ಧ್ವನಿ ಬರುತ್ತಿತ್ತು. ಈ ಯಂತ್ರ ಮುಟ್ಟಬೇಡಿ. ಮುಗಿದು, ಮತ್ತೆ ಮೊದಲಿನಿಂದ. ಕೈ ಹೋಗುತ್ತದೆ. ನಾನು ಹೊರಗೆ ನಿಂತು, ನಾನು ಒಳಗೆ ಹೇಳುವುದನ್ನು ಕೇಳಿಸಿಕೊಂಡೆ. ಶಟರಿನ ಕೆಳಗೆ ಬಗ್ಗುವ ಮುಂಚೆ ಫಿಟ್ಟರನೂ ಒಮ್ಮೆ ನನ್ನ ಬಾಯಿ ನೋಡಿದ, ಮುಚ್ಚಿದೆಯೋ ಎಂದು.

ಒಳಗೆ ಆಕೆ ಗೋಡೆಗೆ ಆತು ನಿಂತಿದ್ದಳು. ನಡುವಯಸ್ಸಿನ ಹೆಂಗಸು, ಬಾಗಲಕೋಟೆ ಕಡೆಯವಳು. ಫೋನನ್ನು ಎತ್ತಿ ಹಿಡಿದು ಶೆಡ್ಡಿನ ಮಾಲೀಕನಿಗೆ ನನ್ನ ಮಾತು ಕೇಳಿಸುತ್ತಿದ್ದಳು. ನಾನು ಮೊದಲು ನೋಡಿದ್ದು ಮುಖವನ್ನಲ್ಲ, ಬೆರಳುಗಳನ್ನು. ಎಲ್ಲ ಇದ್ದವು. ಪ್ರೆಸ್ಸಿಗೆ ಹೊಸದಾಗಿ ನೀಲಿ ಬಣ್ಣ ಬಳಿದಿದ್ದರು. ಸ್ಟಿಕ್ಕರನ್ನು ಮಾತ್ರ ಬಿಟ್ಟು ಸುತ್ತಲೂ ಬಳಿದು, ಅದರ ನಾಲ್ಕು ಮೂಲೆಗೂ ಕುಂಕುಮ ಇಟ್ಟಿದ್ದರು.

“ಅಂಗೆಲ್ಲ ಭಯ ಬೀಳಂಗಿಲ್ಲ ಸಾರ್,” ಎಂದ ಶೆಡ್ಡಿನವನು. ಇದೇ ಊರಿನ ಹಳೆಯ ಮನೆತನದವನು. ಅಪ್ಪನ ರಾಗಿ ಕಣದಲ್ಲಿ ಈ ಶೆಡ್ಡು ಹಾಕಿದ್ದ. “ಗುಜರೀಲಿ ನೋಡ್ದೆ, ಚೆನ್ನಾಗೈತೆ ಅಂದ್ರು, ತಗೊಂಡ್ ಬಂದೆ. ಒಂದೊಂದ್ ಸಲ ಎಲ್ಡು ಹೊಡೀತದೆ. ಹಳೇದಲ್ವಾ.”

“ಹಳೇದಾದ್ರೆ ನಿಧಾನ ಆಗುತ್ತೆ ಕಣಣ್ಣ, ಎರಡು ಹೊಡೆಯಲ್ಲ,” ಎಂದ ಫಿಟ್ಟರ್.

ದಿನವೂ ಯಾಕೆ ಸ್ಕ್ಯಾನ್ ಮಾಡುತ್ತಿದ್ದಿರಿ ಎಂದು ಆಕೆಯನ್ನು ಕೇಳಿದೆ.

“ಅದು ಮಾತಾಡಿದ ಮ್ಯಾಲೇ ಚಾಲೂ ಮಾಡಬೇಕಲ್ರಿ? ಒಂದಿನ ಮೊಬೈಲ್ ಮನ್ಯಾಗ ಬಿಟ್ಟು ಬಂದಿದ್ದೆ. ಅವತ್ತಽ ಎರಡ ಸಲಾ ಬಡೀತು. ಅವತ್ತಿಂದ ಬಿಟ್ಟಿಲ್ರಿ. ನಿನ್ನಿ ಬ್ಯಾಟರಿ ಮುಗೀಲಿಕ್ಕೆ ಬಂದಿತ್ತು, ನಡುವಽ ಇನ್ನೊಮ್ಮೆ ಕೇಳೂಣಂತ ಒತ್ತಿದ್ರ ನಿಮಗ ಹೋತು ಕಾಣ್ತೈತಿ. ಇದರ ಮಾತ ಕೇಳಿ ಕುಂತ್ರ ಏನೂ ಆಗಂಗಿಲ್ಲ ಅಂತ ನಂಬೀನ್ರಿ.”

ಬಿಡಿಭಾಗ ಮಾರಲು ನಾನು ಆಡಿದ ಮಾತಿನ ಮೇಲೆ ಭಾರ ಹಾಕಿ ಆಕೆ ದಿನವೂ ಕೈಯನ್ನು ಒಳಗಿಡುತ್ತಿದ್ದಳು.

ಫಿಟ್ಟರ್ ಕ್ಲಚ್ ಬಿಚ್ಚಿದ. ಕೀ ಎರಡು ತುಂಡಾಗಿ ಕೈಗೆ ಬಂತು. ಶೆಡ್ಡಿನವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಹೊರಗೆ ಹೋಗಿ ಎಲ್ಲರಿಗೂ ಟೀ ತಂದ. ನಮ್ಮ ಮಾಲೀಕರಿಗೆ ಫೋನ್ ಮಾಡಿದೆ. “ಅದರ ಮೇಲಿರೋದು ನಮ್ಮ ಹೆಸರು ಕಣ್ರೀ. ಸರಿ ಮಾಡಿಕೊಟ್ಟು ಬನ್ನಿ,” ಎಂದರು. ಹೊಸ ಕೀ, ಹೊಸ ಬ್ರೇಕ್ ಪಟ್ಟಿ, ಕೈ ಒಳಗೆ ಹೋಗದಂತೆ ಮುಂದೊಂದು ಜಾಲರಿ ಬರುವವರೆಗೆ ಪ್ರೆಸ್ ನಿಂತೇ ಇತ್ತು. ಎಲ್ಲ ಕೂಡಿಸಿದ ದಿನ ನಾನೂ ಹೋದೆ.

“ಕೂತ್ಕೊಳ್ಳಿ ಅಕ್ಕ, ಒಂದು ಹೊಡೆದು ನೋಡಿ,” ಎಂದ ಫಿಟ್ಟರ್.

ಆಕೆ ಎಂದಿನಂತೆ ಕೋಡಿಗೆ ಫೋನ್ ಹಿಡಿದಳು. ‘ಈ ಯಂತ್ರ ಮುಟ್ಟಬೇಡಿ,’ ಎಂದೆ ನಾನು, ಅದರೊಳಗಿನಿಂದ.

“ಅದು ಹಳೇ ಮಾತು. ಈಗ ಕೂರಬಹುದು,” ಎಂದೆ ನಾನು, ಹೊರಗಿನಿಂದ.

ಆಕೆ ನನ್ನನ್ನೂ ಫೋನನ್ನೂ ನೋಡಿ ಗೋಡೆಯ ಹತ್ತಿರ ಹೋಗಿ ನಿಂತಳು. “ಅದು ಬ್ಯಾಡಂತೈತಿ, ನೀವು ಕುಂಡ್ರು ಅಂತೀರಿ. ಯಾರ ಮಾತ ಕೇಳ್ಬೇಕ್ರಿ?”

“ನೀವೇ ಒತ್ತಿ ತೋರಿಸಿ ಸಾರ್,” ಎಂದ ಫಿಟ್ಟರ್, ನಗು ಅಡಗಿಸುತ್ತ.

ಇಷ್ಟು ವರ್ಷ ಈ ಯಂತ್ರಗಳ ಗುಣಗಾನ ಮಾಡಿದ ನಾನು ಒಂದರ ಪೆಡಲನ್ನೂ ತುಳಿದವನಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಜಾಲರಿಯಿಂದ ಆದಷ್ಟು ದೂರ ವಾಲಿ, ಕಾಲು ಚಾಚಿ ಒತ್ತಿದೆ. ತಲೆ ಇಳಿದು ಬಡಿಯಿತು. ನೆಲದ ಮೂಲಕ ಅದು ನನ್ನ ಹಲ್ಲಿನವರೆಗೂ ಬಂತು. ಮೇಲೆ ಹೋಗಿ ನಿಂತಿತು. ನಾವೆಲ್ಲ ಎರಡನೆಯದಕ್ಕೆ ಕಾದೆವು. ಬರಲಿಲ್ಲ.

“ಇನ್ನೊಮ್ಮೆ,” ಎಂದಳು ಆಕೆ. ಒತ್ತಿದೆ. “ಮತ್ತೊಮ್ಮೆ.” ನನ್ನ ತೊಡೆ ನಡುಗುವವರೆಗೆ ಒತ್ತಿಸಿದಳು. ಒಂದು ಒತ್ತಿಗೆ ಒಂದೇ ಹೊಡೆತ. ಕೊನೆಗೆ ಫೋನನ್ನು ನನ್ನ ಕಡೆ ಚಾಚಿದಳು. “ಈಗ ಅದಕ್ಕೂ ಹೇಳ್ರಿ.”

ಅಲ್ಲೇ ನಿಂತು ನನ್ನ ಫೋನಿನಲ್ಲಿ ಪುಟ ತೆರೆದು ರೆಕಾರ್ಡ್ ಗುಂಡಿ ಒತ್ತಿದೆ. ‘ಈ ಯಂತ್ರ ಈಗ ಸಂಪೂರ್ಣ ಸುರಕ್ಷಿತ’ ಎಂದು ಹೇಳಬೇಕೆಂದಿದ್ದೆ. ಅರ್ಧಕ್ಕೆ ನಿಲ್ಲಿಸಿದೆ. ಯಂತ್ರದ ಬಗ್ಗೆ ನಾನು ಹಾಗೆ ಹೇಳಿ, ಆಕೆ ಅದನ್ನು ನಂಬಿ, ಇನ್ನಾವುದೋ ವರ್ಷ ಇನ್ನಾವುದೋ ಕೀ ಬಿರುಕು ಬಿಟ್ಟರೆ? ಅಳಿಸಿದೆ. ಮತ್ತೆ ಹೇಳಿದೆ: ‘ಇದು ಬರೀ ರೆಕಾರ್ಡ್ ಮಾಡಿದ ಮಾತು. ಯಂತ್ರ ಹೇಗಿದೆ ಅಂತ ಇದಕ್ಕೆ ಗೊತ್ತಾಗಲ್ಲ. ಕೈ ಹಾಕುವ ಮೊದಲು ಬರಿದೇ ಒತ್ತಿ ನೀವೇ ನೋಡಿ. ಎರಡು ಹೊಡೆದರೆ ಎದ್ದುಬಿಡಿ, ಯಾರು ಏನೇ ಹೇಳಲಿ.’

“ಇಂಥ ಜಾಹೀರಾತು ಕೇಳಿದ್ರೆ ಪ್ರೆಸ್ಸು ಯಾರು ಕೊಳ್ತಾರೆ ಸಾರ್?” ಎಂದ ಫಿಟ್ಟರ್.

ಆಕೆ ಅದನ್ನು ಕೊನೆಯವರೆಗೆ ಕೇಳಿದಳು. ಫೋನನ್ನು ಬ್ಲೌಸಿನೊಳಗಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಟೂಲನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡು ಕೂತಳು. ತಗಡು ಇಡಲಿಲ್ಲ. ಬರಿದೇ ಒಂದು ಸಲ ಒತ್ತಿ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ತಲೆಯೆತ್ತಿ ಯಂತ್ರದ ತಲೆಯನ್ನೇ ನೋಡುತ್ತಿದ್ದಳು.